ಮೊದಲ ಚಪ್ಪಾಳೆ

ನಮ್ಮ ಅತ್ತೆಗೆ ಹಸುವನ್ನು ಬಾಯಲ್ಲಿ ಕರೆದು ಅಭ್ಯಾಸವೇ ಇರಲಿಲ್ಲ. ಊರಿನ ಉಳಿದ ಹೆಂಗಸರು ಬಾ ಬಾ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ ಇವರು ಊರ ಸಣ್ಣ ಕೆರೆ, ನಮ್ಮ ಕುಂಟೆಯ ಏರಿ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನೀರು ಕುಡಿಯುತ್ತಿದ್ದ ಕೆಂದಸು ಮೂತಿ ಎತ್ತಿ, ನೀರು ತೊಟ್ಟಿಕ್ಕಿಸಿಕೊಂಡೇ ಅವರ ಹತ್ತಿರಕ್ಕೆ ನಡೆದು ಬರುತ್ತಿತ್ತು. ಒಮ್ಮೆ ನಾನೂ ತಟ್ಟಿ ನೋಡಿದೆ. ಅದು ನನ್ನತ್ತ ತಿರುಗಿಯೂ ನೋಡಲಿಲ್ಲ.

"ಅದ್ಕೆ ಕೈ ಗುರ್ತು ಐತೆ ಕಣಮ್ಮಾ. ಬೆಂಗ್ಳೂರ್ ರೈಲತ್ತೋ ಕೈಗೆಲ್ಲ ಬರಾಕಿಲ್ಲ" ಎಂದರು ಅತ್ತೆ.

ನಾನು ಹತ್ತುತ್ತಿದ್ದುದು ಬಂಗಾರಪೇಟೆಯ ಬಸ್ಸು. ಅಲ್ಲಿ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಆದರೆ ಸೊಸೆ ಹೊಸಿಲು ದಾಟಿ ದುಡಿಯಲು ಹೋದರೆ ಅದು ಯಾವ ಊರಾದರೂ ನಮ್ಮತ್ತೆಯ ಲೆಕ್ಕದಲ್ಲಿ ಬೆಂಗಳೂರೇ. ನಮ್ಮಿಬ್ಬರಿಗೆ ಅಷ್ಟಾಗಿ ಆಗಿಬರುತ್ತಿರಲಿಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವರು ಕೊಂಕು ಆಡುತ್ತಿದ್ದರು, ನಾನು ಎದುರಾಡುತ್ತಿದ್ದೆ, ಸಂಜೆಗೆ ಇಬ್ಬರೂ ಒಂದೇ ಒಲೆಯ ಮುಂದೆ ಕೂರುತ್ತಿದ್ದೆವು.

ನಮ್ಮೂರು ಇರುವುದು ಹಳೆಯ ಚಿನ್ನದ ಗಣಿ ಚಾಂಪಿಯನ್ ರೀಫ್ಸ್ ಹಿಂದೆ, ಸೈನೈಡ್ ದಿಬ್ಬದ ಬುಡದಲ್ಲಿ. ಚಿನ್ನ ತೆಗೆದವರು ಚಿನ್ನ ಒಯ್ದರು, ಸೈನೈಡ್ ಬೆರೆಸಿ ಅರೆದ ಮಣ್ಣನ್ನು ನಮಗೆ ಬಿಟ್ಟರು. ಆಷಾಢದ ಗಾಳಿಗೆ ಅದು ಎದ್ದು ಬಂದು ಒಣಹಾಕಿದ ಬಟ್ಟೆಯ ಮೇಲೆ, ತಟ್ಟೆಯಲ್ಲಿನ ಮುದ್ದೆಯ ಮೇಲೆ, ಮಲಗಿದ ಮಕ್ಕಳ ರೆಪ್ಪೆಯ ಮೇಲೆ ಕೂರುತ್ತದೆ. ಗಣಿ ಮುಚ್ಚಿ ಒಂದು ತಲೆಮಾರು ಕಳೆದ ಮೇಲೆ, ಅದನ್ನು ಸರಿಯಾಗಿ ಮುಚ್ಚಿಲ್ಲ ಎಂದು ಯಾರಿಗೋ ಹೊಳೆಯಿತು. ದಿಬ್ಬಕ್ಕೆ ಮಣ್ಣು ಹೊದಿಸಿ ಗಿಡ ನೆಡುತ್ತಾರಂತೆ. ಸುರಂಗಗಳ ಬಾಯಿಗೆ ಕಾಂಕ್ರೀಟ್ ಹಾಕುತ್ತಾರಂತೆ. ಮಳೆಗಾಲದಲ್ಲಿ ದಿಬ್ಬದಿಂದ ಇಳಿಯುವ ಬೂದು ನೀರು ಟೌನಿನ ಕಡೆ ಹೋಗದಂತೆ ಕಾಲುವೆ ತೋಡಿ ಬೇರೆಡೆಗೆ ತಿರುಗಿಸುತ್ತಾರಂತೆ. ಆ ಬೇರೆಡೆ ಎಂದರೆ ನಮ್ಮ ಕುಂಟೆ. ಊರಿನ ದನಗಳು ಬಾಯಿಡುವ ನೀರು ಅದೊಂದೇ.

ಇದಕ್ಕೆಲ್ಲ ಸಾರ್ವಜನಿಕರ ಅಭಿಪ್ರಾಯ ಬೇಕಿತ್ತು. ಆಟೋಗೆ ಮೈಕು ಕಟ್ಟಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಿಕೊಂಡು ಹೋದರು. ಊರಿಗಾಂನಲ್ಲಿ ಸಭೆ, ಎಲ್ಲರೂ ಬನ್ನಿ, ನೀವು ಒಪ್ಪಿದರೆ ಮಾತ್ರ ಕೆಲಸ ಶುರು, ಊಟದ ವ್ಯವಸ್ಥೆ ಇದೆ. ಊಟದ ಮಾತನ್ನು ಮೂರು ಭಾಷೆಯಲ್ಲೂ ಸ್ವಲ್ಪ ಜೋರಾಗಿ ಹೇಳಿದರು.

ಕುಂಟೆ ಕೊಡಬಾರದು ಎನ್ನುವುದರಲ್ಲಿ ಊರಿಗೆ ಎರಡು ಮಾತಿರಲಿಲ್ಲ. ಅದನ್ನು ಯಾರು ಹೇಳಬೇಕು ಎಂದಾಗ ಗಂಡಸರೆಲ್ಲ ಚಪ್ಪಲಿ ಹುಡುಕತೊಡಗಿದರು. ಕೊನೆಗೆ ನಮ್ಮತ್ತೆಯ ಮುಂದೆ ಬಂದು ನಿಂತರು.

"ನಾವ್ ಮಾತಾಡಿದ್ರೆ ರಾಜಕೀಯ ಅಂತಾರೆ. ನೀನಾದ್ರೆ ಎಂಗ್ಸು, ವಯಸ್ಸಾದೋಳು, ಯಾರೂ ಬಯ್ಯಾಕಿಲ್ಲ. ನೀನೇ ಏಳವ್ವ."

ಅತ್ತೆ ಒಪ್ಪಿಕೊಂಡರು. ಅಂದಿನಿಂದ ಹಾಲು ಕರೆಯುವಾಗಲೆಲ್ಲ ಕೆಂದಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. "ಸಾಮೀ, ದಿಬ್ಬ ನೀವ್ ಮಾಡಿದ್ದು. ಕುಂಟೆ ನಾವ್ ತೋಡಿದ್ದು. ನಿಮ್ದು ನಮ್ದಕ್ಕೆ ತಂದ್ ಸುರೀಬ್ಯಾಡಿ." ನಾನು ಬೆಳಿಗ್ಗೆ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲೂ ನಿಂತು ಕೇಳುತ್ತಿದ್ದೆ. ಇಷ್ಟು ಚೆನ್ನಾಗಿ ಮಾತಾಡಬಲ್ಲ ಹೆಂಗಸು ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವುದಕ್ಕೇ ಆ ಬಾಯನ್ನೆಲ್ಲ ಸವೆಸಿದರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಹೆಮ್ಮೆಯೂ ಆಗುತ್ತಿತ್ತು.

ಇಲ್ಲಿ ನಮ್ಮೂರ ಡೇರಿಯ ಪದ್ಧತಿಯೊಂದನ್ನು ಹೇಳಬೇಕು. ವರ್ಷಕ್ಕೊಮ್ಮೆ ಡೇರಿ ಸಭೆ ಸೇರುತ್ತದೆ. ಕಾರ್ಯದರ್ಶಿ ಏನೇನೋ ಓದುತ್ತಾರೆ. ಓದುವುದು ನಿಂತ ಕೂಡಲೇ ಚಪ್ಪಾಳೆ ತಟ್ಟಬೇಕು, ಅವರು ಮುಂದಿನದಕ್ಕೆ ಹೋಗುತ್ತಾರೆ. ಓದಿದ್ದು ಅರ್ಥವಾಯಿತೋ ಇಲ್ಲವೋ, ಸರಿಯೋ ತಪ್ಪೋ, ಅದು ಬೇರೆ ಮಾತು. ಒಬ್ಬರು ಓದಿ ದಣಿದರು, ಅವರಿಗೊಂದು ಮರ್ಯಾದೆ, ಅಷ್ಟೆ. ಮೊದಲ ಚಪ್ಪಾಳೆ ಮಾತ್ರ ಎಲ್ಲರಿಗಿಂತ ಹಿಂದಿನಿಂದ ಹಾಲು ಹಾಕುತ್ತ ಬಂದವರದು, ಅಂದರೆ ನಮ್ಮತ್ತೆಯದು. ಅವರು ತಟ್ಟುವವರೆಗೆ ಬೇರೆ ಯಾರೂ ಕೈ ಎತ್ತುವಂತಿಲ್ಲ. ಊರಿನಲ್ಲಿ ಅವರಿಗೆ ಸಿಕ್ಕಿದ್ದ ದೊಡ್ಡಸ್ತಿಕೆ ಅದೊಂದೇ, ಅದನ್ನವರು ಬಹಳ ಗಂಭೀರವಾಗಿ ನಡೆಸಿಕೊಂಡು ಬಂದಿದ್ದರು.

ಊರಿಗಾಂ ಸಭೆಗೆ ಅಂಗಡಿಗೆ ರಜೆ ಹಾಕಿ ನಾನೂ ಹೋದೆ. ಅತ್ತೆ ಮುಂದಿನ ಸಾಲಿನಲ್ಲಿ, ಮದುವೆಗೆಂದು ಎತ್ತಿಟ್ಟ ಸೀರೆಯುಟ್ಟು ಕೂತಿದ್ದರು. "ಕೊನೇಲಿ ಯಾರಾದ್ರೂ ಮಾತಾಡ್ತೀರಾ ಅಂತ ಕೇಳ್ತಾರೆ ಅತ್ತಮ್ಮಾ, ಆಗ ಎದ್ದೇಳಿ" ಎಂದು ಹೇಳಿಕೊಟ್ಟಿದ್ದೆ. ಶಾಮಿಯಾನದ ಹಿಂದೆ ಅಡುಗೆ ಬೇಯುತ್ತಿತ್ತು. ಅಧಿಕಾರಿಗಳು ಬರುವಷ್ಟರಲ್ಲಿ ಜನ ಹಸಿದು ಆ ಕಡೆಗೇ ಮೂಗು ಮಾಡಿ ಕೂತಿದ್ದರು.

ಬಂದ ಅಧಿಕಾರಿ ಓದತೊಡಗಿದರು. ಅದು ಕನ್ನಡವೇ, ಆದರೆ ಯಾರ ಮನೆಯಲ್ಲೂ ಆಡದ ಕನ್ನಡ. ಕುಂಟೆಯನ್ನು ಅವರು ಕುಂಟೆ ಎನ್ನಲೇ ಇಲ್ಲ, ತಗ್ಗು ಪ್ರದೇಶದ ಜಲಸಂಗ್ರಹಣಾ ಘಟಕ ಎಂದರು. ನನಗೇ ಅದು ನಮ್ಮ ಕುಂಟೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಓದಿ ಓದಿ ಅವರ ಗಂಟಲು ಒಣಗಿತು. ಕಾಗದ ಮೇಜಿನ ಮೇಲಿಟ್ಟು ನೀರಿನ ಬಾಟಲಿಗೆ ಕೈ ಹಾಕಿದರು. ಸಭೆ ನಿಶ್ಶಬ್ದವಾಯಿತು.

ಆ ನಿಶ್ಶಬ್ದದಲ್ಲಿ ನಮ್ಮತ್ತೆ ಚಪ್ಪಾಳೆ ತಟ್ಟಿದರು.

ಹಿಂದೆಯೇ ಊರೆಲ್ಲ ತಟ್ಟಿತು. ನಮ್ಮವರನ್ನು ನೋಡಿ ಅಕ್ಕಪಕ್ಕದ ಊರಿನವರು, ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೂಲಿಗಳ ಲೈನ್‌ಮನೆಗಳಲ್ಲಿರುವ ಲೈನಿನವರು, ಅಡುಗೆಯವರು ಕೂಡ ತಟ್ಟಿದರು. ಅಧಿಕಾರಿ ನೀರು ಕುಡಿಯುತ್ತಿದ್ದವರು ಅರೆಗಳಿಗೆ ಗಾಬರಿಯಾಗಿ, ಆಮೇಲೆ ಮುಖವರಳಿಸಿದರು. "ಬಹಳ ಸಂತೋಷ. ಸಭೆ ಒಕ್ಕೊರಲಿನಿಂದ ಒಪ್ಪಿದೆ" ಎಂದು ಮೈಕಿನಲ್ಲಿ ಹೇಳಿದರು. ವಿಡಿಯೊದವನು ಕ್ಯಾಮೆರಾವನ್ನು ಒಂದು ಸುತ್ತು ತಿರುಗಿಸಿದ.

ಅತ್ತೆ ಎದ್ದರು. "ಸಾಮೀ, ಒಪ್ಪಿಲ್ಲ. ನಾನು ಮಾತಾಡ್ಬೇಕು."

"ಈಗ ತಾನೇ ಚಪ್ಪಾಳೆ ತಟ್ಟಿದಿರಲ್ಲಮ್ಮಾ? ಎಲ್ಲರಿಗಿಂತ ಮೊದಲು ತಟ್ಟಿದ್ದೇ ನೀವು."

ಜನ ನಕ್ಕರು. ಹೊರಗಿನವರು ನಕ್ಕಿದ್ದರೆ ನಾನು ಮರೆತುಬಿಡುತ್ತಿದ್ದೆ. ನಕ್ಕವರು ನಮ್ಮೂರಿನವರು, ನೀನೇ ಹೇಳವ್ವ ಎಂದು ಅವರನ್ನು ಮುಂದೆ ಕೂರಿಸಿದವರು. ಅತ್ತೆ ಆ ನಗುವಿನ ನಡುವೆಯೇ ಶುರು ಮಾಡಿದರು, ದಿಬ್ಬ ನೀವ್ ಮಾಡಿದ್ದು ಎಂದು. ಅಷ್ಟರಲ್ಲಿ ಹಿಂದೆ ಪಾತ್ರೆ ಇಳಿಸಿದ ಸದ್ದಾಯಿತು. ಕುರ್ಚಿಗಳು ಕಿರುಗುಟ್ಟಿದವು. ಕುಂಟೆ ನಾವ್ ತೋಡಿದ್ದು ಎನ್ನುವ ಹೊತ್ತಿಗೆ ಅವರ ಹಿಂದಿನ ಸಾಲುಗಳಲ್ಲಿ ಯಾರೂ ಇರಲಿಲ್ಲ.

ನಾನು ವೇದಿಕೆಗೆ ಓಡಿದೆ. ಇದು ನಮ್ಮೂರ ರೂಢಿ, ಓದಿದವರಿಗೆ ಮರ್ಯಾದೆ, ಒಪ್ಪಿಗೆಯಲ್ಲ ಎಂದು ಕೂಗಾಡಿದೆ. ಅಧಿಕಾರಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, "ನೀವು ಓದಿದವರ ಹಾಗೆ ಕಾಣ್ತೀರಿ. ಮನೆಯಲ್ಲೇ ಹೇಳಿಕೊಡಬೇಕಿತ್ತು" ಎಂದು ಮೆತ್ತಗೆ ಹೇಳಿ ಜೀಪು ಹತ್ತಿದರು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅತ್ತೆ ಊಟ ಮಾಡಲಿಲ್ಲ. ಊರು ಮಾಡಿತು, ಎರಡನೇ ಸಲ ಹಾಕಿಸಿಕೊಂಡೂ ಮಾಡಿತು.

ಮಳೆಗಾಲಕ್ಕೆ ಮೊದಲೇ ಕಾಲುವೆ ಬಂತು. ಕುಂಟೆಯ ಸುತ್ತ ಮುಳ್ಳುತಂತಿ ಬಂತು. ದನಗಳಿಗೆ ಬೋರಿನ ನೀರನ್ನು ಹೊತ್ತು ಹಾಕಬೇಕಾಗಿ ಬಂದಾಗ ಊರಿಗೆ ಸಿಟ್ಟು ಬಂತು. ಆ ಸಿಟ್ಟು ಊರಿಗಾಂವರೆಗೆ ಹೋಗಲಿಲ್ಲ, ಹತ್ತಿರದಲ್ಲೇ ನಮ್ಮ ಮನೆಯಿತ್ತಲ್ಲ. ಅತ್ತೆ ಕೊಡ ಹಿಡಿದು ಬೀದಿಗಿಳಿದರೆ ಯಾರಾದರೊಬ್ಬರು ಕೈ ತಟ್ಟುತ್ತಿದ್ದರು. ಡೇರಿಯಲ್ಲಿ ಹಾಲು ಅಳೆಯುವವನು ತಟ್ಟುತ್ತಿದ್ದ. ಅತ್ತೆಯ ಹೆಸರೇ ಚಪ್ಪಾಳೆ ಅವ್ವ ಎಂದಾಯಿತು. ಅವತ್ತು ತಟ್ಟಿದ ಅಷ್ಟೂ ಕೈಗಳು ಎಲ್ಲಿ ಹೋದವು ಎಂದು ನಾನು ಬಾವಿಕಟ್ಟೆಯಲ್ಲಿ ನಿಂತು ಕೇಳಿದೆ. ನಿಮ್ಮತ್ತೆ ತಟ್ಟಿದ್ದಕ್ಕೆ ನಾವು ತಟ್ಟಿದ್ದು ಎಂದರು. ಅತ್ತೆ ಹೆತ್ತ ಮಗ, ನನ್ನ ಗಂಡ, ಊಟಕ್ಕೆ ಕೂತವನು ಒಂದು ದಿನ, "ಒಂದ್ ಚಪ್ಪಾಳೇಲಿ ಊರ್ ನೀರೆಲ್ಲಾ ಬರ್ಕೊಟ್ಬಿಟ್ಯಲ್ಲಮ್ಮಾ" ಎಂದು ನಕ್ಕ. ಅತ್ತೆ ಅವನ ತಟ್ಟೆಗೆ ಇನ್ನಷ್ಟು ಸಾರು ಹಾಕಿ ಒಳಗೆ ಹೋದರು. ನಾನು ಅವನೊಡನೆ ಬಹಳ ದಿನ ಮಾತು ಬಿಟ್ಟೆ.

ಅತ್ತೆ ಡೇರಿ ಸಭೆಗೆ ಹೋಗುವುದನ್ನು ನಿಲ್ಲಿಸಿದರು. ಹಸುವಿಗೂ ಚಪ್ಪಾಳೆ ತಟ್ಟಲಿಲ್ಲ. ಬಾ ಬಾ ಎಂದು ಕರೆಯಲು ನೋಡಿದರು, ಕೆಂದಸುವಿಗೆ ಅದು ತಿಳಿಯಲಿಲ್ಲ. ಕೊನೆಗೆ ಹಗ್ಗ ಹಾಕಿ ಎಳೆದುಕೊಂಡು ಓಡಾಡತೊಡಗಿದರು. ಆಗಾಗ ಅದು ನಿಂತು ಅವರ ಕೈಯನ್ನೇ ನೋಡುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಗುಜರಿಗೆ ಹಾಕುವವರು ಮುಳ್ಳುತಂತಿಯನ್ನು ಕತ್ತರಿಸಿಕೊಂಡು ಹೋದರು. ನಮ್ಮಲ್ಲಿ ಕಬ್ಬಿಣಕ್ಕೆ ಅಷ್ಟೇ ಆಯುಷ್ಯ. ಒಂದು ಸಂಜೆ ನಾನು ಬಸ್ಸಿಳಿದೆ. ಕೆಂದಸು ಹಗ್ಗ ಕಿತ್ತುಕೊಂಡು ಕುಂಟೆಗೆ ಇಳಿದಿತ್ತು, ಹೊಟ್ಟೆ ಮುಳುಗುವಷ್ಟು ದೂರ ಹೋಗಿ ಆ ಬೂದು ನೀರಿನಲ್ಲಿ ನಿಂತಿತ್ತು. ಏರಿ ಮೇಲೆ ಅತ್ತೆ. ಎದುರಿನ ಟೀ ಅಂಗಡಿಯಲ್ಲಿ ಸಂಸಾರಸ್ಥ ಗಂಡಸರು ಬೆಂಚು ತುಂಬ ಕೂತು ನೋಡುತ್ತಿದ್ದರು.

"ಪಾಟ್ಟಿ, ಕೈ ತಟ್ಟು ಪಾಟ್ಟಿ!" ಎಂದು ಲೈನಿನವನೊಬ್ಬ ಅಜ್ಜಿಯನ್ನು ಕರೆಯುವಂತೆ ತಮಿಳಿನಲ್ಲಿ ಕೂಗಿದ. ಉಳಿದವರು ಕಿಸಕ್ಕನೆ ನಕ್ಕರು.

ಅತ್ತೆ ಅವರತ್ತ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದರು. ಕೆಂದಸು ಥಟ್ಟನೆ ಮೂತಿ ಎತ್ತಿತು. ಅವರ ಕಡೆ ಒಂದು ಹೆಜ್ಜೆ ಹಾಕಿಯೂ ಬಿಟ್ಟಿತು.

ಆಗ ಬೆಂಚಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎದ್ದು ನಿಂತು, ಸಿಳ್ಳೆ ಹಾಕಿ ತಟ್ಟಿದರು. ಆಚೆ ಏರಿಯಲ್ಲಿ ಹೋಗುತ್ತಿದ್ದವರೂ ಏನೋ ತಮಾಷೆ ಎಂದು ನಿಂತು ತಟ್ಟಿದರು. ಹಸು ಆ ಕಡೆ ತಿರುಗಿತು, ಈ ಕಡೆ ತಿರುಗಿತು. ಅತ್ತೆ ತಟ್ಟುತ್ತಲೇ ಇದ್ದರು, ಆದರೆ ಆ ಗದ್ದಲದಲ್ಲಿ ಅವರ ಕೈ ಯಾವುದೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ನಡುನೀರಿನಲ್ಲಿ ನಿಂತು ಮತ್ತೆ ಮೂತಿ ಅದ್ದಿ ಕುಡಿಯಿತು. ನಾನು ಬಾಯಿಗೆ ಬಂದ ಹಾಗೆ ಬೈಯುತ್ತ ಓಡಿದೆ, ನೀರಿಗಿಳಿದು ಕೊಂಬಿಗೆ ಹಗ್ಗ ಹಾಕಿ ಎಳೆದು ತಂದೆ.

ಬೆಳಗಾಗುವಷ್ಟರಲ್ಲಿ ಅದು ಕೊಟ್ಟಿಗೆಯಲ್ಲಿ ಕಾಲು ಚಾಚಿ ಬಿದ್ದಿತ್ತು. ಡಾಕ್ಟರು ಬಂದು ರೆಪ್ಪೆ ಬಿಡಿಸಿ ನೋಡಿ, ಏನು ಬೇಕಾದರೂ ಆಗಿರಬಹುದು, ಇದೇ ಎಂದು ಹೇಳಲಿಕ್ಕಾಗುವುದಿಲ್ಲ ಎಂದರು. ಹೂಳಲು ಜೆಸಿಬಿ ಬಂತು. ಜೊತೆಗೆ ಟೀ ಅಂಗಡಿಯವರೂ ಬಂದರು, ಸತ್ತ ಮೇಲೆ ಕೈಜೋಡಿಸುವುದರಲ್ಲಿ ನಮ್ಮವರು ಯಾವತ್ತೂ ಹಿಂದಿಲ್ಲ. ಒಬ್ಬ ತಲೆ ಕೆರೆದುಕೊಂಡು, "ಏನೋ ತಮಾಸೆಗೆ ತಟ್ಟಿದ್ವಿ ಕಣವ್ವಾ" ಎಂದ.

ಅತ್ತೆ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ತಲೆ ಎತ್ತಲಿಲ್ಲ.

"ನಾನ್ ತಟ್ಟಿದ್ರೆ ಅವತ್ತೂ ಎಲ್ರೂ ತಟ್ಟಿದ್ರಿ, ನಿನ್ನೇನೂ ಎಲ್ರೂ ತಟ್ಟಿದ್ರಿ. ನಾನ್ ಮಾತಾಡೋವಾಗ್ಲೇ ಒಬ್ನೂ ಇರ್ಲಿಲ್ಲ ಕಣ್ಲಾ."

ಜೆಸಿಬಿಯವನು ಮಣ್ಣು ತಳ್ಳತೊಡಗಿದ.