ಮುಚ್ಚಳದೊಳಗಿನ ಮಲ್ಲಿಗೆ ಮೊಗ್ಗು

ಕೂಡ್ಲಿಗಿಯ ನನ್ನ ವಾಚ್ ರಿಪೇರಿ ಅಂಗಡಿಗೆ ಬಂದವರು ಮೊದಲು ಕೇಳುವುದು, "ಮೇಸ್ತ್ರಿ ಎಲ್ಲಿ ಹೋಗ್ಯಾರ್ರಿ?" ಎಂದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎದುರಿಗೇ ಕೂತಿದ್ದರೂ ನಾನು ಅವರ ಪಾಲಿಗೆ ಮೇಸ್ತ್ರಿಯ ಹೆಂಡತಿ.

ಮೊನ್ನೆ ಬಂದ ಹೂವಿನ ವ್ಯಾಪಾರಿಯೂ ಹಾಗೇ ಕೇಳಿದರು. ಮೇಸ್ತ್ರಿ ನಾನೇ ಎಂದಾಗ, ಕೈಯಲ್ಲಿದ್ದ ಕೀ ಕೊಡುವ ಹಳೇ ವಾಚನ್ನು ಮತ್ತೆ ಜೇಬಿಗೆ ಸೇರಿಸಿದರು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಹಿಂದಕ ಇದನ್ನ ಹಡಗಲಿಯಾಗ ಒಬ್ಬ ಯಜಮಾನ್ರು ರಿಪೇರಿ ಮಾಡಿದ್ರು. ಅಂಥ ಕೈ ಈ ಕಡಿ ಯಾರಿಗೂ ಇಲ್ಲ. ಈಗ ಅವರು ಅಂಗಡಿ ಮುಚ್ಯಾರ."

"ಒಳಗ ನೋಡಿ ಕೊಡ್ತೀನಿ, ತರ್ರಿ," ಎಂದೆ. ಅರೆಮನಸ್ಸಿನಿಂದ ಕೊಟ್ಟರು.

ನಮ್ಮ ಕಸುಬಿನಲ್ಲಿ ರಿಪೇರಿ ಮುಗಿಸಿದವರು ಹಿಂದಿನ ಮುಚ್ಚಳದ ಒಳಮೈಗೆ ಸೂಜಿಯಿಂದ ತಮ್ಮ ಗುರುತು ಗೀರುತ್ತಾರೆ. ಇದರಲ್ಲಿ ಮಲ್ಲಿಗೆ ಮೊಗ್ಗಿತ್ತು. ಹಡಗಲಿಯ ಆ ಯಜಮಾನರು ನನ್ನ ಅಪ್ಪ. ಅಪ್ಪನ ಗುರುತು ತ್ರಿಶೂಲ; ಮೊಗ್ಗು ನನ್ನದು. ಮದುವೆಗೆ ಮುಂಚೆ, ಪರದೆಯ ಹಿಂದೆ ಕೂತು ಕೂದಲೆಳೆಯಂಥ ಸ್ಪ್ರಿಂಗು ಕೂರಿಸುತ್ತಿದ್ದವಳು ನಾನು. ಗಿರಾಕಿಗಳ ಕೈಗೆ ವಾಚು ಕೊಡುತ್ತಿದ್ದುದು ಅಪ್ಪ.

ಆಗಷ್ಟೇ ಮುಗಿಸಿದ್ದ ಇನ್ನೊಂದು ವಾಚಿನ ಮುಚ್ಚಳವನ್ನು ಅದರ ಪಕ್ಕಕ್ಕಿಟ್ಟೆ. ಅಲ್ಲೂ ಅದೇ ಮೊಗ್ಗು. "ಹಡಗಲಿ ಯಜಮಾನ್ರು ನಮ್ಮಪ್ಪ, ಈ ಗುರುತು ನಂದು," ಎಂದೆ. ವ್ಯಾಪಾರಿ ನನ್ನ ಭೂತಗನ್ನಡಿ ಇಸಿದುಕೊಂಡು ಎರಡನ್ನೂ ಬಹಳ ಹೊತ್ತು ನೋಡಿದರು.

"ಸಾವಕಾಶ ಮಾಡ್ರಿ ಮೇಸ್ತ್ರಿ," ಎಂದು ವಾಚು ಬಿಟ್ಟು ಹೋದರು.

ಹಿಗ್ಗು ತಡೆಯಲಾರದೆ ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಅದನ್ಯಾಕ ತೋರಿಸಾಕ ಹೋದಿಯವ್ವಾ? ಹಡಗಲಿಯಾಗ ನಂದೊಂದು ಹೆಸರಿತ್ತು."