ಒಳಗಿನಿಂದ ಚಿಲಕವಿದ್ದ ಕೋಣೆ

ಮಧ್ಯಾಹ್ನ ಒಂದು ಗಂಟೆಗೆ ಚನ್ನವೀರಮ್ಮ ಬಾಗಿಲಿನ ಚಿಲಕವನ್ನು ಒಳಗಿನಿಂದ ಸರಿಸಿ, ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಿದರು. ಕೋಣೆಯಲ್ಲಿ ಹನ್ನೊಂದು ಹುಡುಗಿಯರಿದ್ದರು, ನಾಲ್ಕು ಹೊಲಿಗೆ ಮಿಷನ್ನುಗಳಿದ್ದವು. ಮೂಲೆಯಲ್ಲಿ ಚಿಂದಿಬಟ್ಟೆಯ ಗಂಟಿಗೆ ತಲೆ ಕೊಟ್ಟು ದುರುಗಮ್ಮ ಆಗಲೇ ನಿದ್ದೆ ಹೋಗಿದ್ದಳು.

"ಅಕ್ಕಾ, ಈಕಿ ಗೊರಕಿಗೆ ನನ್ನ ಮಿಷನ್ ತಾಳ ತಪ್ಪಾಕ ಹತ್ತೇತಿ," ಎಂದಳು ಕೊಟ್ರಮ್ಮ. ನಿನ್ನ ಮಿಷನ್ನಿಗೆ ತಾಳ ಇದ್ದದ್ದಾದರೂ ಯಾವಾಗ ಎಂದು ಪಕ್ಕದವಳು ಕೇಳಿದಳು. ಎಲ್ಲರೂ ನಕ್ಕರು. ದುರುಗಮ್ಮ ಹೊರಳಲೂ ಇಲ್ಲ.

ಚನ್ನವೀರಮ್ಮ ನಗಲಿಲ್ಲ. ಅವರು ದುರುಗಮ್ಮನ ಪಾಲಿನ ಕೆಲಸವನ್ನು ತೊಡೆಯ ಮೇಲೆ ಹರಡಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು. ಅದು ನಾಲ್ಕು ವರ್ಷದ ಮಗುವಿನ ಬಿಳಿ ಅಂಗಿ. ಮಿಷನ್ ಕೆಲಸವೆಲ್ಲ ಮುಗಿದಿತ್ತು. ಗುಂಡಿ ತೂರುವ ಐದು ತೂತಿನ ಅಂಚಿಗೆ ಕೈಯಿಂದ ಕಾಜಾ ಹಾಕಿ ಗುಂಡಿ ಹಚ್ಚುವುದಷ್ಟೇ ಬಾಕಿ.

ಇದು ೧೯೭೯ರ ನವೆಂಬರಿನ ಮಾತು. ಬಳ್ಳಾರಿಯ ಕೌಲ್ ಬಜಾರಿನ ಆ ಕೋಣೆ ಹಿಂದೆ ಹತ್ತಿ ತುಂಬುವ ಗೋದಾಮಾಗಿತ್ತು. ಗೋದಾಮಿನ ಬಾಗಿಲಿಗೆ ಚಿಲಕ ಇರುವುದು ಹೊರಗೆ. ಐದು ವರ್ಷದ ಹಿಂದೆ ಮಹಿಳಾ ಸಮಾಜ ಅದನ್ನು ಹೊಲಿಗೆ ತರಗತಿಗೆಂದು ಹಿಡಿದಾಗ ಚನ್ನವೀರಮ್ಮ ಬಡಗಿಯನ್ನು ಕರೆಸಿ ಮಾಡಿಸಿದ ಮೊದಲ ಕೆಲಸವೆಂದರೆ ಒಳಗಡೆಯೂ ಒಂದು ಚಿಲಕ ಹಾಕಿಸಿದ್ದು.

ಅವರು ಹುಟ್ಟಿದ್ದು ಕುರುಗೋಡಿನಲ್ಲಿ. ಎಡಚಿ ಎಂದು ಊಟದ ಹೊತ್ತಿಗೆ ತಾಯಿ ಅವರ ಎಡಗೈಯನ್ನು ಸೆರಗಿನಿಂದ ಕಟ್ಟಿಹಾಕುತ್ತಿದ್ದಳು. ಬಲಗೈಯಲ್ಲಿ ಉಣ್ಣುವುದನ್ನು ಹಾಗೆ ಕಲಿತರು. ಸೂಜಿ ಯಾವ ಕೈಯಲ್ಲಿದೆ ಎಂದು ಯಾರೂ ನೋಡಲಿಲ್ಲ. ಮದುವೆ ಮಾಡಿ ಸಿರುಗುಪ್ಪಕ್ಕೆ ಕೊಟ್ಟರು. ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ಮೂರು ವರ್ಷ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ಮೈದುನ ಕರೆದುಕೊಂಡು ಬಂದ. ಅಡಿಗೆಯವಳು ಬೇಕಾಗಿದ್ದಳು.

ಆ ಮನೆಯಲ್ಲಿ ನಸುಕಿನಿಂದ ಮಧ್ಯಾಹ್ನದವರೆಗೆ ಕೆಲಸವಿರುತ್ತಿತ್ತು. ಆಮೇಲೆ ಪಡಸಾಲೆಯಲ್ಲಿ ಗಂಡಸರು ಅಡ್ಡಾಗುತ್ತಿದ್ದರು, ಒಳಕೋಣೆ ಓರಗಿತ್ತಿಯದು, ಹಿತ್ತಲಿನಲ್ಲಿ ಬಿಸಿಲು. ಚನ್ನವೀರಮ್ಮನಿಗೆ ಕೂರಲು ಜಾಗವಿರಲಿಲ್ಲ. ನೂಲು ತರುತ್ತೇನೆಂದು ಹೇಳಿ ಅವರು ರೈಲ್ವೆ ಸ್ಟೇಷನ್ನಿಗೆ ಹೋಗಿ ಹೆಂಗಸರ ವೇಟಿಂಗ್ ರೂಮಿನಲ್ಲಿ ಹೊಲಿಗೆ ಹಿಡಿದು ಕೂರುತ್ತಿದ್ದರು. ಕಸ ಗುಡಿಸುವ ಎರ್ರಮ್ಮ ಮೊದಲ ದಿನ ಯಾವ ಗಾಡಿಗೆ ಎಂದು ಕೇಳಿದಾಗ ಗುಂತಕಲ್ ಗಾಡಿಗೆ ಎಂದಿದ್ದರು. ವಾರ ಕಳೆದ ಮೇಲೆ ಎರ್ರಮ್ಮ ಕೇಳುವುದನ್ನು ಬಿಟ್ಟಳು. ಪೊರಕೆ ಆಡಿಸುತ್ತಲೇ, "ನಿನ್ನ ಗಾಡಿ ಇವತ್ತೂ ತಡ ಐತವ್ವ, ಕುಂದ್ರು," ಎಂದು ಹೇಳಿ ಮುಂದೆ ಹೋಗುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು.

ಹೊಲಿಗೆ ಪರೀಕ್ಷೆ ಪಾಸು ಮಾಡಿ ಸಮಾಜದಲ್ಲಿ ಕೆಲಸಕ್ಕೆ ಸೇರಿ ಬೇರೆ ಮನೆ ಮಾಡಿದ ಮೇಲೂ ಚನ್ನವೀರಮ್ಮ ಆ ಬೆಂಚನ್ನು ಮರೆತಿರಲಿಲ್ಲ. ಕೌಲ್ ಬಜಾರಿನಲ್ಲಿ ಶಾಲೆ ಬಿಟ್ಟು ಮದುವೆಗೆ ಕಾದಿದ್ದ ಹುಡುಗಿಯರು ಮನೆಮನೆಯಲ್ಲೂ ಇದ್ದರು. ಒಂದು ಕೋಣೆಯ ಮನೆಗಳು, ಅಣ್ಣತಮ್ಮಂದಿರು, ಅವರ ಗೆಳೆಯರು, ಬಂದು ಉಳಿದ ನೆಂಟರು. ಓಣಿಗೆ ಬಂದರೆ ಚಹಾದಂಗಡಿಯ ಕಟ್ಟೆ ತುಂಬ ಕೂತವರು. ಕೋಣೆ ಹೊಲಿಗೆಗೆಂದು ತೆರೆಯಿತು. ಹೊಲಿಯುವವರು ಹೊಲಿದರು. ಒಬ್ಬಳು ಹಳೆಯ ಪಠ್ಯಪುಸ್ತಕ ತಂದು ಓದಿದಳು, ಇನ್ನೊಬ್ಬಳು ಮೂರು ತಿಂಗಳು ಸುಮ್ಮನೆ ಗೋಡೆ ನೋಡುತ್ತ ಕೂತಿದ್ದಳು. ಚನ್ನವೀರಮ್ಮ ಯಾರನ್ನೂ ಏನೂ ಕೇಳಲಿಲ್ಲ. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು, ಗಂಡಸರು ಹೊಸ್ತಿಲು ದಾಟಬಾರದು ಎಂಬ ಎರಡು ಕಟ್ಟಳೆ ಮಾತ್ರ ಇದ್ದವು.

ಮೂರನೆಯದೊಂದಿತ್ತು. ಅದನ್ನು ಅವರು ಹುಡುಗಿಯರ ಮನೆಯ ಹಿರಿಯರಿಗಾಗಿ ಮಾಡಿದ್ದರು. ಬಾಗಿಲು ಹಾಕಿಕೊಂಡು ಮೂರು ತಾಸು ಏನು ಮಾಡುತ್ತಾರೆ ಎಂದು ತಂದೆಯಂದಿರು ಮೊದಲ ತಿಂಗಳೇ ಕೇಳಿದ್ದರು. ಪ್ರತಿ ಹುಡುಗಿ ಸಂಜೆ ಮನೆಗೆ ಹೋಗುವಾಗ ಹೊಲಿದದ್ದೊಂದನ್ನು ತಂದು ತೋರಿಸುತ್ತಾಳೆ ಎಂದು ಅವರು ಮಾತು ಕೊಟ್ಟರು. ಚೀಲವೋ, ಲಂಗವೋ, ದಿಂಬಿನ ಗವಸೋ. ಅದನ್ನು ನೋಡಿದ ಮೇಲೆ ಮನೆಯವರು ಸುಮ್ಮನಾದರು. ಹೊಲಿಯದವರ ಪಾಲಿನದನ್ನು ಚನ್ನವೀರಮ್ಮನೇ ಮಿಷನ್ನಿನಲ್ಲಿ ಹೊಡೆದು ಕೊಡುತ್ತಿದ್ದರು. ಮಿಷನ್ ಹೊಲಿಗೆಯಲ್ಲಿ ಯಾರ ಕೈ ಎಂದು ತಿಳಿಯುವುದಿಲ್ಲ.

ದುರುಗಮ್ಮನಿಗೆ ಹತ್ತೊಂಬತ್ತು. ತಂದೆತಾಯಿ ಇಲ್ಲ. ಅಣ್ಣ ಸುಂಕಣ್ಣನ ಮನೆಯಲ್ಲಿದ್ದಳು. ಮೊದಲು ಚುರುಕಾಗಿ ಹೊಲಿಯುತ್ತಿದ್ದವಳು ದಸರೆಯ ನಂತರ ಬಂದವಳೇ ಮಲಗತೊಡಗಿದಳು. ಸುಂಕಣ್ಣನ ಹೆಂಡತಿಯ ತಮ್ಮ ಓಬಳೇಶ ಬಸ್ ಸ್ಟ್ಯಾಂಡಿನಲ್ಲಿ ಕೆಲಸ ಸಿಕ್ಕಿತೆಂದು ಆ ಮನೆಗೆ ಬಂದು ಉಳಿದದ್ದೂ ದಸರೆಯ ನಂತರವೇ. ದುರುಗಮ್ಮ ಹೆಚ್ಚು ಹೇಳಿರಲಿಲ್ಲ. ಒಂದು ದಿನ ಎದ್ದು ಮುಖ ತೊಳೆದುಕೊಂಡು ಬಂದು, "ಇಲ್ಲಿ ಬಾಗಲಕ್ಕ ಒಳಗಿಂದ ಚಿಲಕ ಐತಲ್ಲಕ್ಕ, ಅದಕ್ಕ ನಿದ್ದಿ ಬರ್ತೈತಿ," ಎಂದಿದ್ದಳು. ಚನ್ನವೀರಮ್ಮನಿಗೆ ಅಷ್ಟು ಸಾಕಾಯಿತು.

ಬಿಳಿ ಅಂಗಿ ಸುಂಕಣ್ಣನ ಮಗನಿಗೆ. ಸೋದರತ್ತೆಯೇ ಹೊಲಿದು ತಂದಳೆಂದರೆ ಆ ಮನೆಯಲ್ಲಿ ಅವಳಿಗೆ ತುಸು ಬೆಲೆ ಬಂದೀತು ಎಂಬುದು ಚನ್ನವೀರಮ್ಮನ ಎಣಿಕೆ. ಅದಕ್ಕೇ ಕೈಗೆಲಸ ಚೆನ್ನಾಗಿರಲೆಂದು ಕಾಜಾಗಳನ್ನು ಒತ್ತೊತ್ತಾಗಿ, ಒಂದು ಗಂಟಿನ ಮಗ್ಗುಲಿಗೆ ಇನ್ನೊಂದು ಗಂಟು ತಾಗುವಂತೆ ಹಾಕಿದರು. ಸುಂಕಣ್ಣ ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುವವನೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ಆ ಹೊತ್ತಿಗೆ ಹೊಳೆಯಲಿಲ್ಲ.

ಮರುದಿನ ದುರುಗಮ್ಮ ಬರಲಿಲ್ಲ. ಅದರ ಮರುದಿನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಸುಂಕಣ್ಣ. ಹೊಸ್ತಿಲಿನಾಚೆ ನಿಂತು ಅಂಗಿಯನ್ನು ಮುಂದೆ ಚಾಚಿದ.

"ಅಮ್ಮಾರ, ಈ ಕಾಜಾ ಯಾರು ಹಾಕ್ಯಾರ?"

ಯಾಕೆ ಕೇಳುತ್ತಿದ್ದೀ ಎಂದರು ಚನ್ನವೀರಮ್ಮ.

"ಹನ್ನೊಂದು ವರ್ಸ ಇದ ಕೆಲಸ ಮಾಡ್ಕೋತ ಬಂದೀನ್ರಿ. ಗಂಟು ಎಲ್ಲಾ ಎದುರು ಮಗ್ಗಲಿಗಿ ವಾಲ್ಯಾವ. ಎಡಗೈ ಕಾಜಾ ಇದು. ನಮ್ಮ ದುರುಗಿ ಎಡಚಿ ಅಲ್ಲ." ಅವನ ಕಣ್ಣು ಅವರ ಎಡಗೈಯಲ್ಲಿದ್ದ ಕತ್ತರಿಯ ಮೇಲಿತ್ತು. "ಮತ್ತ ಆಕಿ ಇಲ್ಲಿ ಬಾಗಲಾ ಹಾಕ್ಕೊಂಡು ಏನು ಮಾಡ್ತಾಳ?"

ಹಿಂದೆ ಮಿಷನ್ನುಗಳು ನಿಂತವು.

"ಮಲಗ್ತಾಳ," ಎಂದರು ಚನ್ನವೀರಮ್ಮ.

"ಮಲಗಾಕ ಮನ್ಯಾಗ ಜಾಗ ಇಲ್ಲೇನ್ರಿ?"

ಅವರು ಹೊಸ್ತಿಲು ದಾಟಿ ಹೊರಗೆ ಬಂದು ಬಾಗಿಲು ಎಳೆದುಕೊಂಡರು. "ದಸರಾ ಆದಮ್ಯಾಲೆ ಆಕಿಗೆ ಮನ್ಯಾಗ ನಿದ್ದಿ ಇಲ್ಲ, ಸುಂಕಣ್ಣ. ದಸರಾ ಆದಮ್ಯಾಲೆ ನಿಮ್ಮ ಮನಿಗೆ ಯಾರು ಬಂದಾರ, ನೀನ ನೋಡ್ಕೋ."

ಸುಂಕಣ್ಣ ಅಂಗಿಯನ್ನು ಮಡಿಸಿದ. ಮತ್ತೆ ಮಡಿಸಿದ. ಅದು ಅಂಗೈಯಷ್ಟು ಚಿಕ್ಕದಾಗುವವರೆಗೆ ಮಡಿಸಿದ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದರು. ಅವನು ಹೊಸ ಸುದ್ದಿ ಕೇಳಿದವನಂತೆ ಕಾಣಲಿಲ್ಲ.

"ಒಂದ ಕ್ವಾಣಿ ಮನಿ, ಅಮ್ಮಾರ," ಎಂದ. "ಹೆಂಡ್ತಿ ತಮ್ಮ ಅವ. ಎಲ್ಲಿಗಿ ಕಳಸ್ಲಿ?"

ಹುಡುಗಿಯನ್ನು ನನ್ನ ಹತ್ತಿರ ಇರಿಸು ಎಂದು ಚನ್ನವೀರಮ್ಮ ಕೇಳಿದರು. ಜನ ಏನೆಂದಾರು ಎಂದು ಅವನು ತಲೆ ಅಲ್ಲಾಡಿಸಿ ನಡೆದ.

ಅವನು ನಡೆದದ್ದು ಮನೆಗಲ್ಲ, ಪಾರ್ವತಿನಗರಕ್ಕೆ. ಸಮಾಜದ ಅಧ್ಯಕ್ಷೆ ಗುರುಬಸಮ್ಮನವರ ಮನೆಗೆ. ಹೊಲಿಗೆ ಕೋಣೆಯಲ್ಲಿ ಹೊಲಿಗೆ ನಡೆಯುತ್ತಿಲ್ಲ, ಹುಡುಗಿಯರು ಬಾಗಿಲು ಹಾಕಿಕೊಂಡು ಹಗಲು ಹೊತ್ತು ಮಲಗುತ್ತಾರೆ, ತೋರಿಸುವ ಬಟ್ಟೆ ಟೀಚರಮ್ಮ ಹೊಲಿದದ್ದು ಎಂದು ಹೇಳಿದ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಾರದೊಳಗೆ ಕೌಲ್ ಬಜಾರಿನ ಬೇರೆ ಮನೆಗಳಲ್ಲೂ ದಿಂಬಿನ ಗವಸುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಹನ್ನೊಂದರಲ್ಲಿ ಏಳು ಹುಡುಗಿಯರನ್ನು ಬಿಡಿಸಿದರು.

ಗುರುಬಸಮ್ಮ ಕೆಟ್ಟವರಲ್ಲ. ಚನ್ನವೀರಮ್ಮನನ್ನು ಒಬ್ಬರನ್ನೇ ಕರೆಸಿ, ಚಹಾ ಕೊಟ್ಟು, ಆ ಹುಡುಗಿ ಮಲಗುತ್ತಿದ್ದುದಕ್ಕೆ ಒಂದು ಕಾರಣ ಹೇಳಿದರೆ ಸಾಕು, ಕೋಣೆ ಮುಚ್ಚುವ ಬಗ್ಗೆ ಸಮಾಜ ಕರೆದ ಸಭೆಯಲ್ಲಿ ತಾವೇ ಮಾತಾಡಿ ಅದನ್ನು ಉಳಿಸುವುದಾಗಿ ಹೇಳಿದರು. ಸಭೆಯಲ್ಲಿ ಹದಿನಾಲ್ಕು ಮಂದಿ ಇರುತ್ತಾರೆ. ಅಲ್ಲಿ ಹೇಳಿದ ಕಾರಣ ಸಂಜೆಯ ಹೊತ್ತಿಗೆ ದುರುಗಮ್ಮನ ಹೆಸರಿನೊಂದಿಗೆ ಚಹಾದಂಗಡಿಯ ಕಟ್ಟೆಗೆ ಬರುತ್ತದೆ. ಆಮೇಲೆ ಆ ಹೆಸರನ್ನು ಹೊತ್ತು ಅವಳು ಓಣಿಯಲ್ಲಿ ನಡೆಯಬೇಕು. ಸುಂಕಣ್ಣನಿಗೆ ಅರ್ಧ ಹೇಳಿದ್ದೇ ಹೆಚ್ಚಾಯಿತೇ ಎಂದು ಚನ್ನವೀರಮ್ಮ ಆ ಏಳು ದಿನವೂ ಯೋಚಿಸಿದ್ದರು.

"ಆಕಿಗೆ ನಿದ್ದಿ ಬಂದಿತ್ರಿ, ಮಲಗಿದ್ಲು," ಎಂದರು. "ನಾ ಹೇಳೂದು ಅಷ್ಟ ಐತಿ."

ಅಷ್ಟಕ್ಕೆ ಕೋಣೆ ಉಳಿಯುವುದಿಲ್ಲವಲ್ಲ ಎಂದರು ಗುರುಬಸಮ್ಮ. ಗೊತ್ತಿದೆ ಎಂದು ಚನ್ನವೀರಮ್ಮ ಎದ್ದರು.

ಡಿಸೆಂಬರ್ ಮೊದಲ ಸೋಮವಾರ ನಾಲ್ಕೂ ಮಿಷನ್ನುಗಳನ್ನು ತಳ್ಳುಗಾಡಿಯ ಮೇಲೆ ಸಮಾಜದ ಕಚೇರಿಗೆ ಸಾಗಿಸಿದರು. ಕೊಟ್ರಮ್ಮ ಒಬ್ಬಳು ಬಂದು ಚಿಂದಿಬಟ್ಟೆಯ ಗಂಟನ್ನು ಎತ್ತಿ ಗಾಡಿಗೆ ಹಾಕಿದಳು. ಗೋದಾಮಿನ ಮಾಲಿಕನ ಆಳು ಹೊರಗಿನ ಚಿಲಕಕ್ಕೆ ಬೀಗ ಜಡಿದ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಸಿಮೆಂಟ್ ಚೀಲಗಳು ಬಂದವು. ಚನ್ನವೀರಮ್ಮ ಎರಡು ಸಲ ಸುಂಕಣ್ಣನ ಮನೆಯ ತನಕ ಹೋದರು. ಎರಡು ಸಲವೂ ಅವನ ಹೆಂಡತಿ ಬಾಗಿಲಿನಲ್ಲೇ ನಿಂತು, ಹುಡುಗಿ ಊರಿಗೆ ಹೋಗಿದ್ದಾಳೆ ಎಂದಳು.

ಮುಂದಿನ ವೈಶಾಖದಲ್ಲಿ ಸಿರುಗುಪ್ಪದಲ್ಲಿ ದುರುಗಮ್ಮನ ಮದುವೆ ಆಯಿತು. ವರ ಓಬಳೇಶ.