ಇಪ್ಪತ್ತಮೂರನೇ ಕಿಲೋಮೀಟರಿನ ಜಾಯಿಂಟ್

ನನ್ನ ಅಪ್ಪನಿಗೆ ಒರೆಸುವ ಹುಚ್ಚು. ತೊಳೆದಿಟ್ಟ ತಟ್ಟೆಯನ್ನೇ ಇನ್ನೊಮ್ಮೆ ಒರೆಸಿ ಊಟಕ್ಕೆ ಕೂರುವರು, ಕನ್ನಡಕವನ್ನು ಗಂಟೆಗೆ ನಾಲ್ಕು ಸಲ ಒರೆಸುವರು. "ಮದುವೆಗೆ ಮುಂಚೆ ನನ್ನ ಮುಖಾನೂ ಒರೆಸಿ ನೋಡಿಯೇ ಒಪ್ಪಿದ್ದು ಇವ್ರು" ಎಂದು ಅಮ್ಮ ಕಂಡವರ ಮುಂದೆಲ್ಲ ಹೇಳುತ್ತಿದ್ದಳು.

ನೆಲದಡಿಯ ಫೈಬರ್ ಕೇಬಲ್ ಜೋಡಿಸುವುದು ಅಪ್ಪನ ಕಸುಬು. ಕೂದಲೆಳೆಯಷ್ಟು ತೆಳ್ಳಗಿನ ಗಾಜು ಅದು. ಎರಡು ತುದಿಗಳನ್ನು ಕಾಯಿಸಿ ಒಂದು ಮಾಡುವಾಗ ಒಂದು ಕಣ ಧೂಳು ಕೂತರೂ ಅಲ್ಲಿ ಬೆಳಕು ಸೋರಿಹೋಗುತ್ತದೆ. ಕಸುಬಿನವರೆಲ್ಲ ಅವರನ್ನು 'ಗಾಜಿನ ಮೇಷ್ಟ್ರು' ಎನ್ನುತ್ತಿದ್ದರು. ಮೇಷ್ಟ್ರ ಜಾಯಿಂಟಿನಲ್ಲಿ ಸೋರಿಕೆ ಹುಡುಕುವವನು ಇನ್ನೂ ಹುಟ್ಟಿಲ್ಲ ಅಂತ ಮಾತು. ಕತ್ತರಿಸಿದ ಗಾಜಿನ ಚೂರು ಡಬ್ಬಿಗೆ ಬೀಳದಿದ್ದರೆ ಶಿಷ್ಯರನ್ನು ಗಂಟೆಗಟ್ಟಲೆ ನೆಲ ತಡಕಾಡಿಸಿದ ಮನುಷ್ಯ ಅವರು.

ನಾನೂ ಅದೇ ದಾರಿ ಹಿಡಿದೆ, ಆದರೆ ಕೈಗೆ ಮಣ್ಣಂಟದ ಕಡೆಯಿಂದ. ಬಾಡಿಗೆಗೆ ಹಿಡಿದ ಫೈಬರಿನ ಎರಡು ತುದಿಗೆ ಯಾವ ಆಪ್ಟಿಕ್ಸ್ ಹಾಕಬೇಕು, ಅಂದರೆ ಬೆಳಕು ಕಳಿಸುವ ಆ ಬೆರಳುದ್ದದ ಡಬ್ಬಿಗಳಲ್ಲಿ ಎಷ್ಟು ಶಕ್ತಿಯದು ಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಮೂರು ವರ್ಷ ಕಂಪ್ಲೇಂಟ್ ಡೆಸ್ಕಿನಲ್ಲಿ ಫೋನೆತ್ತಿ ಬೈಸಿಕೊಂಡ ಮೇಲೆ, ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಲಿಂಕು ನನ್ನ ಕೈಗೆ ಬಂತು. ಎರಡು ಊರು, ನಡುವೆ ಅರವತ್ತೆರಡು ಕಿಲೋಮೀಟರು, ಎಂಟು ಸಂಪರ್ಕ. ಮ್ಯಾನೇಜರು ಎರಡು ಜೊತೆ ಫೈಬರ್ ಹಿಡಿಯೋಣ ಎಂದರು. ನಾನು ಬಿಡಬೇಕಲ್ಲ!

"ಒಂದೇ ಜೊತೆ ಸಾಕು ಸಾರ್. ಎಂಟು ಬಣ್ಣದ ಬೆಳಕನ್ನ ಒಟ್ಟಿಗೆ ಬಿಡೋಣ. ಆ ತುದೀಲಿ ಮಕ್ಸ್ ಪೆಟ್ಟಿಗೆ ಇಟ್ರೆ ಬೇರೆ ಬೇರೆ ಮಾಡಿ ಕೊಡುತ್ತೆ."

"ಸರಿ, ನಿನ್ನ ತಲೆ ಮೇಲೆ. ಸೋಮವಾರಕ್ಕೆ ಎಂಟೂ ಹತ್ತಬೇಕು. ಇಲ್ಲಾಂದ್ರೆ ಮತ್ತೆ ಕಂಪ್ಲೇಂಟ್ ಡೆಸ್ಕೇ ಗತಿ ನೋಡು."

ಶನಿವಾರ ಏಳು ದೀಪ ಹಸಿರಾದವು. ಎಂಟನೆಯದು ಕೆಂಪಗೆ ನನ್ನನ್ನೇ ನೋಡುತ್ತಿತ್ತು. ತಪ್ಪು ನನ್ನದೇ. ಮಧ್ಯದ ಒಂದು ಬಣ್ಣಕ್ಕೆ ದಾರಿಯಲ್ಲಾಗುವ ಬೆಳಕಿನ ನಷ್ಟ ಲೆಕ್ಕ ಹಾಕಿ ಎಂಟಕ್ಕೂ ಅದನ್ನೇ ಬರೆದಿದ್ದೆ. ಹಳೆಯ ಗಾಜಿನೊಳಗೆ ತಯಾರಾದಾಗಲೇ ಸೇರಿಕೊಂಡ ನೀರಿನಂಶ ಇರುತ್ತದೆ. ತುದಿಯ ಬಣ್ಣವನ್ನು ಅದು ಬೇರೆಯವಕ್ಕಿಂತ ಹೆಚ್ಚು ಹೀರುತ್ತದೆ. ಓದಿದ್ದೆ, ಪರೀಕ್ಷೆ ಬರೆದೆ, ಮರೆತೆ. ಆ ತುದಿಗೆ ಮುಟ್ಟಿದ ಬೆಳಕು ಬರೀ ಅರ್ಧ ಡೆಸಿಬಲ್‌ನಷ್ಟು ಕಡಿಮೆ ಬಿದ್ದಿತ್ತು, ಆದರೆ ಹೆಚ್ಚು ಶಕ್ತಿಯ ಡಬ್ಬಿ ಬರಲು ಮೂರು ವಾರ ಬೇಕು.

ಮನೆಗೆ ಬಂದವಳೇ ಫೈಬರ್ ಅಳೆದ ಗೆರೆಯ ಪ್ರಿಂಟನ್ನು ಊಟದ ಮೇಜಿನ ಮೇಲೆ ಎಸೆದೆ. ಬೆಳಕು ದೂರ ಹೋದಂತೆ ಕುಗ್ಗುವುದನ್ನು ಆ ಗೆರೆ ತೋರಿಸುತ್ತದೆ. ಉದ್ದಕ್ಕೂ ನಯವಾಗಿ ಇಳಿದ ಗೆರೆ ಇಪ್ಪತ್ತಮೂರನೇ ಕಿಲೋಮೀಟರಿನಲ್ಲಿ ದಡಕ್ಕನೆ ಒಂದು ಮೆಟ್ಟಿಲು ಇಳಿದಿತ್ತು.

"ಯಾವ ಮುಠ್ಠಾಳ ಹಾಕಿದ ಜಾಯಿಂಟಪ್ಪ ಇದು? ಕಣ್ಣು ಮುಚ್ಚಿಕೊಂಡು ಮಾಡಿದ್ದಾನೆ! ಇದೊಂದು ನೆಟ್ಟಗಿದ್ದಿದ್ರೆ ನನ್ನ ಎಂಟನೇ ಬಣ್ಣ ಹತ್ತಿಬಿಡ್ತಿತ್ತು."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಪ್ರಿಂಟಿನ ಮೇಲಿದ್ದ ಊರುಗಳ ಹೆಸರು ನೋಡಿದರು. ಮತ್ತೆ ತೆಗೆದು ಒರೆಸಿದರು.

"ಆ ಮುಠ್ಠಾಳ ನಾನೇ ಕಣಮ್ಮ."

ಅಡುಗೆಮನೆಯಿಂದ ಅಮ್ಮ ಬಾಗಿಲಿಗೆ ಬಂದಳು.

"ನೀನು ಹುಟ್ಟಿದ ದಿನ ಅದು. ಹಳ್ಳದ ಪಕ್ಕ ಗುಂಡಿಯಲ್ಲಿದ್ದೆ. ನಿಮ್ಮಮ್ಮನಿಗೆ ನೋವು ಶುರುವಾಯ್ತು ಅಂತ ಸುದ್ದಿ ಬಂತು. ಕೊನೇ ಎಳೆ ಒಂದು ಉಳಿದಿತ್ತು. ಒರೆಸಲಿಲ್ಲ, ಅಳೆಯಲಿಲ್ಲ, ಅಂಟಿಸಿ ಓಡಿದೆ. ಮಾರನೇ ದಿನ ಬಂದ್ರೆ ಮಣ್ಣು ಮುಚ್ಚಿಬಿಟ್ಟಿದ್ರು. ಹೇಳೋಕೆ ಬಾಯೇ ಬರ್ಲಿಲ್ಲ. ಈಗ ಅದೇ ಎಳೆ ನಿನ್ನ ಪಾಲಿಗೆ ಬಂದಿದೆ ನೋಡು."

ಆ ಕೇಬಲಿನ ಉಸ್ತುವಾರಿ ಅಪ್ಪನ ಹಳೆಯ ಶಿಷ್ಯನದು. ಗುಂಡಿ ತೆಗೆಯಲು ಕಾರಣ ಹೇಳಬೇಕಿತ್ತು. ಅಪ್ಪ ನನ್ನೆದುರೇ ಫೋನ್ ಮಾಡಿ, "ಜಾಯಿಂಟು ನಂದು, ತಪ್ಪು ನಂದು, ನಾನೇ ಬಂದು ಸರಿ ಮಾಡ್ತೀನಿ" ಎಂದರು. ಮೂವತ್ತು ವರ್ಷದ ಹೆಸರನ್ನು ನನಗೋಸ್ಕರ ಒಂದೇ ಮಾತಿನಲ್ಲಿ ಕೈಬಿಟ್ಟರು.

"ಬೇರೆ ಯಾರದೋ ಅಂದಿದ್ರಾಗ್ತಿತ್ತು" ಎಂದೆ.

"ಮುಠ್ಠಾಳ ಅಂದವಳು ನೀನು. ಈಗ ಯಾಕೆ ಮುಖ ಸಪ್ಪಗೆ ಮಾಡ್ತೀಯ?" ಎಂದು ನಕ್ಕರು.

ಭಾನುವಾರ ಬೆಳಿಗ್ಗೆ ಗುಂಡಿಯ ಪಕ್ಕ ಕೊಡೆ ಹಿಡಿದು ನಿಂತೆ. ಅಪ್ಪನ ಕೈಗೆ ರೂಢಿ ತಪ್ಪಿತ್ತು. ನಿವೃತ್ತಿಯಾಗಿ ಐದು ವರ್ಷವಾಗಿತ್ತಲ್ಲ. ಎರಡು ಸಲ ತುದಿ ಕತ್ತರಿಸಿ, "ಊಹೂಂ" ಎಂದು ಬಿಸಾಡಿದರು. ಮೂರನೇ ಸಲ ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. ಕೊನೆಗೆ ಕೂಡಿಸಿದರು. ಅಳೆದರೆ ಗೆರೆಯಲ್ಲಿ ಮೆಟ್ಟಿಲೇ ಇಲ್ಲ! ಅಷ್ಟರಲ್ಲಿ ಆಫೀಸಿನಿಂದ ಫೋನು: ಎಂಟನೆಯದೂ ಹಸಿರು.

"ಮೇಷ್ಟ್ರೇ, ಇಪ್ಪತ್ತಾರು ವರ್ಷ ತಡ. ಆದ್ರೂ ಪಾಸ್" ಎಂದ ಶಿಷ್ಯ.

ಹೊರಡುವಾಗ ನೋಡಿದೆ: ಕತ್ತರಿಸಿ ತೆಗೆದ ಹಳೆಯ ಜಾಯಿಂಟನ್ನು ಅಪ್ಪ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು.

"ಅಪ್ಪ, ಚುಚ್ಚುತ್ತೆ, ಕಸದ ಡಬ್ಬಿಗೆ ಹಾಕು. ಊರಿಗೆಲ್ಲ ಬುದ್ಧಿ ಹೇಳೋದು ನೀನು!"

"ಹಾಕ್ತೀನಿ, ಹಾಕ್ತೀನಿ" ಎಂದರು.

ಆ ಲಿಂಕು ಇಂದಿಗೂ ಓಡುತ್ತಿದೆ. ಆಮೇಲೆ ಎಷ್ಟೋ ಲಿಂಕು ಮಾಡಿದೆ, ಪ್ರತಿ ಬಣ್ಣಕ್ಕೂ ಬೇರೆ ಲೆಕ್ಕ ಹಾಕುತ್ತೇನೆ. ಅಪ್ಪ ಹೋಗಿ ಒಂದು ವರ್ಷವಾಯಿತು. ಮೊನ್ನೆ ಅವರ ಕನ್ನಡಕದ ಡಬ್ಬಿ ತೆರೆದೆ. ಆ ಜಾಯಿಂಟು ಒಂದು ರಟ್ಟಿನ ತುಂಡಿಗೆ ಟೇಪಿನಿಂದ ಅಂಟಿಕೊಂಡು ಭದ್ರವಾಗಿತ್ತು. ಕೆಳಗೆ ಅವರ ದುಂಡಗಿನ ಅಕ್ಷರದಲ್ಲಿ ನಾನು ಹುಟ್ಟಿದ ತಾರೀಖು. ಅಲ್ಲೇ ಕೂತು ಅತ್ತುಬಿಟ್ಟೆ.

ಅಮ್ಮ ಬಂದು ಅದನ್ನು ಕೈಗೆ ತೆಗೆದುಕೊಂಡಳು. ತಾರೀಖು ಓದಿದಳು.

"ಅವತ್ತು ಓಡಿ ಬಂದವರು ಮಣ್ಣು ಕೈಯಲ್ಲೇ ನಿನ್ನ ಎತ್ತಿಕೊಂಡ್ರು ಕಣೆ" ಎಂದಳು. "ಮೊದಲು ಕೈ ಒರೆಸ್ಕೊಳ್ರೀ ಅಂತ ಕೂಗಿದೆ. ಕೇಳಿಸ್ಕೊಳ್ಳಲೇ ಇಲ್ಲ."